ನಿಜ ಹೇಳಬೇಡಿ, ಪ್ರಾಮಾಣಿಕರಾಗಿರಿ

ಕೆಲಸದ ಸಂದರ್ಶನದ ಬಗೆಗಿನ ಆ ಪೋಸ್ಟ್ ಮತ್ತೆ ಬಂದಿದೆ. ನಿಮ್ಮ ಫೋನಿಗೂ ಬಂದಿರುತ್ತದೆ, ಕಥೆ ಬಿಡಿಸಿ ಹೇಳಬೇಕಿಲ್ಲ. ಕೈಕಟ್ಟಿಕೊಂಡು ನಿಂತ ಎಚ್‌ಆರ್ ಮುಖ್ಯಸ್ಥರ ಫೋಟೊ, ಒಂದೊಂದೇ ವಾಕ್ಯದ ಪ್ಯಾರಾಗಳು. ಅಭ್ಯರ್ಥಿಗೆ ಅನುಭವವಿತ್ತು, ಕೆಲಸವೂ ಗೊತ್ತಿತ್ತು, ಆದರೆ ಮೊದಲ ಸುತ್ತಿನಲ್ಲೇ "ವರ್ಷಕ್ಕೆ ರಜೆ ಎಷ್ಟು?" ಎಂದು ಕೇಳಿಬಿಟ್ಟನಂತೆ. ಅದಕ್ಕೇ ಬಲು ನೋವಿನಿಂದ ತಿರಸ್ಕರಿಸಿದರಂತೆ. ಕೆಳಗೆ ಚಪ್ಪಾಳೆಯೋ ಚಪ್ಪಾಳೆ. ಬೆನ್ನಿಗೇ ಅದರ ಮರಿ ಹುಟ್ಟುತ್ತದೆ: 'ಸಂದರ್ಶನದಲ್ಲಿ ಅಪ್ಪಿತಪ್ಪಿಯೂ ಆಡಬಾರದ ಮಾತುಗಳು' ಎಂಬ ಮಾರುದ್ದದ ಪಟ್ಟಿ.

ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿ. "ಸಂಬಳ ಹೆಚ್ಚು ಸಿಗುತ್ತದೆ ಅಂತ ಬಂದೆ" ಅನ್ನಬಾರದು. "ಹಳೆಯ ಬಾಸ್ ಕಾಟ ತಡೆಯಲಾಗಲಿಲ್ಲ" ಅನ್ನಬಾರದು. "ಐದು ವರ್ಷದ ಮೇಲೆ ಎಲ್ಲಿರುತ್ತೇನೋ ಯಾರಿಗೆ ಗೊತ್ತು" ಅನ್ನಬಾರದು. "ಈ ಕೆಲಸ ತುರ್ತಾಗಿ ಬೇಕು" ಅಂತೂ ಅನ್ನಲೇಬಾರದು. ಜನ ಕೆಲಸ ಹುಡುಕುವುದಕ್ಕೆ ಇರುವ ಕಾರಣಗಳನ್ನೆಲ್ಲ ಒಂದೇ ಕಡೆ ಪೇರಿಸಿ, ಮೇಲೆ 'ನಿಷಿದ್ಧ' ಎಂದು ಬರೆದಂತಿದೆ. ಇಷ್ಟೆಲ್ಲ ಆದ ಮೇಲೆ ಪಟ್ಟಿಯ ಕಟ್ಟಕಡೆಯ ಸೂಚನೆ: ಸಹಜವಾಗಿರಿ, ಪ್ರಾಮಾಣಿಕರಾಗಿರಿ.

ಸತ್ಯ ಹರಿಶ್ಚಂದ್ರ ಇಂಥದೊಂದು ಪ್ಯಾನೆಲ್ ಮುಂದೆ ಕೂತಿದ್ದರೆ? ಹಿಂದಿನ ಹುದ್ದೆ: ರಾಜ. ಬಿಟ್ಟ ಕಾರಣ: ಮುನಿಯೊಬ್ಬರಿಗೆ ಮಾತು ಕೊಟ್ಟಿದ್ದೆ, ರಾಜ್ಯ ಬಿಟ್ಟುಕೊಟ್ಟೆ. ಸದ್ಯದ ಹುದ್ದೆ: ಸ್ಮಶಾನದ ಕಾವಲು. 'ಅರ್ಹತೆ ಹೆಚ್ಚಾಯಿತು, ವೃತ್ತಿ ಇಳಿಮುಖ, ನಿರ್ಧಾರದಲ್ಲಿ ಆತುರ' ಎಂದು ಮೂವರೂ ಬರೆದುಕೊಳ್ಳುತ್ತಾರೆ. ಸಾಲ ತೀರಿಸಲು ಹೆಂಡತಿ-ಮಗನನ್ನು ಮಾರಿದ ಸಂಗತಿ ಬಂದಾಗ ಒಬ್ಬರು ಗಡಿಯಾರ ನೋಡಿಕೊಳ್ಳುತ್ತಾರೆ. ಆದರೆ ಸ್ವಂತ ಮಗನ ಶವಕ್ಕೂ ಸುಂಕ ಕೇಳಿದೆ ಎಂದಾಗ ಪ್ಯಾನೆಲ್ ನೆಟ್ಟಗೆ ಕೂರುತ್ತದೆ. ಪ್ರಕ್ರಿಯೆಗೆ ಬದ್ಧತೆ ಎಂದರೆ ಇದು! ವಸೂಲಿ ವಿಭಾಗಕ್ಕೆ ತಗೊಳ್ಳಿ. ಹಳೆಯ ಸಂಬಳದ ಚೀಟಿ ಇದೆಯಾ ಕೇಳಿ.

ಇರಲಿ, ಪಟ್ಟಿಗೆ ಬರೋಣ. ಅದನ್ನು ಬೈಯುತ್ತಲೇ ಪಾಲಿಸಬೇಕಾದ ಸ್ಥಿತಿಯಲ್ಲಿ ನಾವಿರುವುದರಿಂದ, ಪಾಲಿಸುವುದಾದರೂ ಸರಿಯಾಗಿ ಪಾಲಿಸುವುದು ಒಳ್ಳೆಯದು.

"ನಿಮ್ಮ ಬಗ್ಗೆ ಸ್ವಲ್ಪ ಹೇಳಿ." ಕೇಳುವವರಿಗೆ ನಿಮ್ಮ ಮೇಲೆ ಕುತೂಹಲವಿದೆ ಎಂದುಕೊಂಡು ಹುಟ್ಟಿದ ಊರು, ತಂದೆಯ ವೃತ್ತಿ, ಓದಿದ ಶಾಲೆ ಎಂದು ಶುರು ಮಾಡಬೇಡಿ. ಎಷ್ಟೋ ಸಲ ಅವರು ನಿಮ್ಮ ರೆಸ್ಯೂಮೆಯನ್ನು ಆಗಷ್ಟೇ ತೆರೆದಿರುತ್ತಾರೆ. ಈ ಪ್ರಶ್ನೆ ಅವರಿಗೆ ಓದಿಕೊಳ್ಳಲು ಸಿಗುವ ಎರಡು ನಿಮಿಷ. ಆದ್ದರಿಂದ ಮೊದಲ ವಾಕ್ಯದಲ್ಲೇ ಈಗಿನ ಹುದ್ದೆ, ಎಷ್ಟು ವರ್ಷ, ಯಾವ ಬಗೆಯ ಕೆಲಸ ಎನ್ನುವುದು ಬರಬೇಕು. ಅವರ ಕಣ್ಣು ಹಾಳೆಯ ಮೇಲೆ ಹುಡುಕುತ್ತಿರುವುದು ಅದನ್ನೇ. ಆಮೇಲೆ ಮಾಡಿದ ಒಂದು ಕೆಲಸ, ಅಂಕಿಯೊಂದಿಗೆ. ಆಮೇಲೆ ಈ ಹುದ್ದೆ ಏಕೆ ಎನ್ನುವ ಒಂದು ಮಾತು. ಒಂದೂವರೆ ನಿಮಿಷ ಸಾಕು, ಎರಡು ದಾಟಿದರೆ ಹೆಚ್ಚಾಯಿತು. ಮಾತು ನಿಂತಾಗ ಅವರು ಇನ್ನೂ ಓದುತ್ತಿದ್ದರೆ ಸುಮ್ಮನೆ ಕೂರಿ. ಆ ಮೌನ ತುಂಬಲು ಹೋಗಿಯೇ ಜನ "ಬಿಡುವಿನಲ್ಲಿ ಸಂಗೀತ ಕೇಳುತ್ತೇನೆ" ಎನ್ನುವ ಮಟ್ಟಕ್ಕೆ ಇಳಿಯುವುದು.

ಮುಂದಿನದು ಈ ಕಲೆಯ ಶಿಖರ: "ನಿಮ್ಮ ದೌರ್ಬಲ್ಯ ಏನು?"

"ನಾನು ಪರ್ಫೆಕ್ಷನಿಸ್ಟ್", "ಕೆಲಸ ಅಂದರೆ ನನಗೆ ಹೊತ್ತು-ಗೊತ್ತು ತಿಳಿಯುವುದಿಲ್ಲ" ಎಂಬ ಉತ್ತರಗಳನ್ನು ಹೇಳುವವರೂ ನಂಬುವುದಿಲ್ಲ, ಕೇಳುವವರೂ ನಂಬುವುದಿಲ್ಲ. ಆದರೂ ಇಬ್ಬರೂ ಗಂಭೀರವಾಗಿ ತಲೆಯಾಡಿಸುತ್ತಾರೆ. ಮೇಜಿನ ಎರಡೂ ಬದಿಯವರು ಸೇರಿ ಒಂದು ಸುಳ್ಳನ್ನು ಇಷ್ಟು ಶಿಸ್ತಿನಿಂದ ಸಾಕುವುದು ನಾಗರಿಕತೆಯ ದೊಡ್ಡ ಸಾಧನೆಯೇ ಸರಿ. ಇಲ್ಲಿ ಕೆಲಸಕ್ಕೆ ಬರುವ ಉತ್ತರ ಬೇರೆ. ನಿಜವಾದ ಒಂದು ಕೊರತೆ ಹೇಳಬೇಕು, ಅದು ಆ ಹುದ್ದೆಯ ಜೀವನಾಡಿಗೆ ತಾಗಿರಬಾರದು, ಮತ್ತು ಅದಕ್ಕೆ ಏನು ಮಾಡುತ್ತಿದ್ದೀರಿ ಎನ್ನುವುದು ಜೊತೆಯಲ್ಲೇ ಬರಬೇಕು. "ಒಂದು ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದರೆ ಕಡಿಮೆ ಹೇಳಿಬಿಡುತ್ತಿದ್ದೆ. ಈಗ ಹಿಂದೆ ಅಂಥದೇ ಕೆಲಸಕ್ಕೆ ನಿಜವಾಗಿ ಎಷ್ಟು ದಿನ ಹೋಯಿತು ಎಂದು ತೆಗೆದು ನೋಡಿಯೇ ಹೇಳುತ್ತೇನೆ." ಅರ್ಧ ನಿಮಿಷ, ಅಷ್ಟೇ. ಲೆಕ್ಕಪತ್ರದ ಹುದ್ದೆಗೆ ಬಂದು ಕೂಡುವುದು-ಕಳೆಯುವುದು ಕಷ್ಟ ಎನ್ನುವುದು ಬೇಡ. ಕೇಳಿದ್ದು ಒಂದು ದೌರ್ಬಲ್ಯ. ಉತ್ಸಾಹದಲ್ಲಿ ಎರಡನೆಯದನ್ನು ಉಚಿತವಾಗಿ ಕೊಡುವುದೂ ಬೇಡ.

ಹಳೆಯ ಕೆಲಸ ಏಕೆ ಬಿಟ್ಟಿರಿ ಎಂಬುದಕ್ಕೆ ಹಳೆಯ ಬಾಸನ್ನು ಬೈಯಬಾರದು ಎಂದು ಎಲ್ಲ ಪಟ್ಟಿಗಳೂ ಹೇಳುತ್ತವೆ. ಏಕೆ ಎಂದು ಹೇಳುವವರು ಕಡಿಮೆ. ಎದುರಿಗಿರುವವರು ನಿಮ್ಮ ಮುಂದಿನ ಬಾಸ್. ನೀವು ಬೈಯುತ್ತಿರುವಷ್ಟು ಹೊತ್ತೂ ಅವರು ಆ ಜಾಗದಲ್ಲಿ ತಮ್ಮನ್ನು ಇಟ್ಟು ನೋಡಿಕೊಳ್ಳುತ್ತಿರುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇವರೇ. ಮುಂದೆ ಯಾವ ಬಗೆಯ ಕೆಲಸ ಹೆಚ್ಚು ಬೇಕು ಎಂದು ಒಂದು ವಾಕ್ಯದಲ್ಲಿ ಹೇಳಿ ಬಾಯಿ ಮುಚ್ಚಿ. ಕೆಲಸದಿಂದ ತೆಗೆದಿದ್ದರೆ ಅದನ್ನೂ ನೇರವಾಗಿಯೇ ಹೇಳಿ: ವಿಭಾಗ ಮುಚ್ಚಿದರು, ಇಷ್ಟು ಜನರನ್ನು ತೆಗೆದರು, ಅವರಲ್ಲಿ ನಾನೊಬ್ಬ. ಜನಕ್ಕೆ ಏಟು ಬೀಳುವುದು ಕಾರಣದಿಂದಲ್ಲ, ಐದು ನಿಮಿಷದ ವಿವರಣೆಯಿಂದ.

ರೆಸ್ಯೂಮೆಯಲ್ಲಿ ಎಂಟು ತಿಂಗಳು ಖಾಲಿ ಇದ್ದರೆ ತಾರೀಕು ತಿದ್ದಿ ಮುಚ್ಚುವವರಿದ್ದಾರೆ. ಬೇಡ. ಹಿನ್ನೆಲೆ ಪರಿಶೀಲನೆ ಮಾಡುವವರು ಹಳೆಯ ಕಂಪನಿಗೆ ಮೊದಲು ಕೇಳುವುದೇ ಸೇರಿದ ದಿನ, ಬಿಟ್ಟ ದಿನ ಮತ್ತು ಹುದ್ದೆಯ ಹೆಸರು. ಒಂದು ತಿಂಗಳ ವ್ಯತ್ಯಾಸ ಸಿಕ್ಕರೂ ಕೈಗೆ ಬಂದ ಆಫರ್ ವಾಪಸು ಹೋಗಬಹುದು, ಕೆಲವು ಸಲ ಸೇರಿದ ಮೇಲೂ. ಇಲ್ಲೇ ಈ ಆಟದ ನಿಜವಾದ ನಿಯಮ ಕಾಣುವುದು. ಕಾಗದದಲ್ಲಿ ತಾಳೆ ನೋಡಬಹುದಾದ ಪದವಿ, ದಿನಾಂಕ, ಹುದ್ದೆ ಇವೆಲ್ಲ ಅಕ್ಷರಶಃ ನಿಜವಿರಬೇಕು. ತಾಳೆ ನೋಡಲಾಗದ್ದೆಲ್ಲ, ಅಂದರೆ ಉತ್ಸಾಹ, ನಿಷ್ಠೆ, ಚಿಕ್ಕಂದಿನಿಂದಲೂ ಸರಕು ಸಾಗಣೆಯ ಸಾಫ್ಟ್‌ವೇರ್ ಮೇಲಿದ್ದ ಅದಮ್ಯ ಒಲವು, ಇವು ಅಗತ್ಯಕ್ಕೆ ತಕ್ಕಷ್ಟು ಸುಳ್ಳಿರಬೇಕು. ಗುಮಾಸ್ತಿಕೆಯ ಕೆಲಸಕ್ಕೂ 'ಪ್ಯಾಶನ್' ಕೇಳುತ್ತಾರೆ. ಇನ್‌ವಾಯ್ಸ್‌ಗಳನ್ನು ದಿನಾಂಕದ ಪ್ರಕಾರ ಜೋಡಿಸುವ ಮೋಹದಿಂದ ರಾತ್ರಿ ನಿದ್ದೆಗೆಟ್ಟವರು ಯಾರಾದರೂ ಇದ್ದರೆ ಅವರಿಗೆ ಬೇಕಿರುವುದು ಕೆಲಸವಲ್ಲ, ವೈದ್ಯರು.

ಸುಳ್ಳಿನ ಮಾತು ಬಂತಲ್ಲ. ಜರ್ಮನಿಯವರು ಈ ವಿಷಯದಲ್ಲಿ ನಮಗಿಂತ ನೇರ. ಅಲ್ಲಿನ ಕಾರ್ಮಿಕ ಕಾನೂನಿನಲ್ಲಿ 'ಸುಳ್ಳು ಹೇಳುವ ಹಕ್ಕು' ಎಂಬುದನ್ನು ನ್ಯಾಯಾಲಯಗಳು ಒಪ್ಪಿಕೊಂಡಿವೆ. ಸಂದರ್ಶನದಲ್ಲಿ ಕೇಳಬಾರದ ಪ್ರಶ್ನೆ ಕೇಳಿದರೆ, ಉದಾಹರಣೆಗೆ ನೀವು ಗರ್ಭಿಣಿಯೇ ಎಂದರೆ, ಅಭ್ಯರ್ಥಿ ಸುಳ್ಳು ಹೇಳಬಹುದು. ಆ ಸುಳ್ಳನ್ನು ಹಿಡಿದುಕೊಂಡು ಮುಂದೆ ಕೆಲಸದಿಂದ ತೆಗೆಯುವಂತಿಲ್ಲ. ಏಕೆಂದರೆ "ಅದನ್ನು ಹೇಳುವುದಿಲ್ಲ" ಎಂದು ಬಾಯಿ ಮುಚ್ಚಿಕೊಂಡರೆ ಅದೇ ಉತ್ತರವಾಗಿಬಿಡುತ್ತದೆ. ಉಳಿದ ಕಡೆ ಇಂಥ ಹಕ್ಕು ಇಲ್ಲದಿದ್ದರೆ ಬಿಡಿ, ಅಭ್ಯಾಸ ಇದೆ. ಮದುವೆ, ಮಕ್ಕಳು, 'ಮುಂದಿನ ಯೋಜನೆ' ಎಂದು ಕೇಳಿದಾಗ ಜಗಳಕ್ಕೂ ಇಳಿಯದೆ ಉತ್ತರವನ್ನೂ ಕೊಡದೆ ದಾಟಲು ಒಂದು ದಾರಿಯಿದೆ: "ಈ ಹುದ್ದೆಗೆ ಬೇಕಾದ ಸಮಯ ಮತ್ತು ಪ್ರಯಾಣ ನನಗೆ ಸಾಧ್ಯ" ಎಂದು, ಕೇಳಬೇಕಿದ್ದ ಪ್ರಶ್ನೆಗೆ ಉತ್ತರಿಸುವುದು. ಗಂಡಸರಿಗೆ ಈ ವಾಕ್ಯ ಅಭ್ಯಾಸ ಮಾಡುವ ಪ್ರಮೇಯವೇ ಬರುವುದಿಲ್ಲ ಎನ್ನುವುದು ನಿಮಗೂ ಗೊತ್ತು.

ಇಷ್ಟೆಲ್ಲ ಕಸರತ್ತು ಮಾಡಿಸುವ ಸಂದರ್ಶನ ಎಂಬ ಯಂತ್ರ ಕೆಲಸ ಮಾಡುತ್ತದೆಯೇ? ಎಡಿಸನ್ ಸಾಹೇಬರು 1921ರಲ್ಲಿ ತಮ್ಮಲ್ಲಿಗೆ ಕೆಲಸ ಕೇಳಿಕೊಂಡು ಬಂದ ಪದವೀಧರರಿಗೆ ನೂರನಲವತ್ತಕ್ಕೂ ಹೆಚ್ಚು ಪ್ರಶ್ನೆಗಳ ಪತ್ರಿಕೆ ಕೊಡುತ್ತಿದ್ದರು. ಫ್ರಾನ್ಸಿನ ಸುತ್ತ ಯಾವ ದೇಶಗಳಿವೆ, ವೋಲ್ಗಾ ನದಿ ಎಲ್ಲಿದೆ ಎಂಬಂಥವು. ಬಹುಪಾಲು ಜನ ನಪಾಸು. ಪ್ರಶ್ನೆಗಳು ಪತ್ರಿಕೆಗಳಿಗೆ ಸೋರಿ ದೊಡ್ಡ ಸುದ್ದಿಯಾಯಿತು. ಅದೇ ವರ್ಷ ಅಮೆರಿಕಕ್ಕೆ ಬಂದಿದ್ದ ಐನ್‌ಸ್ಟೈನರಿಗೆ ಶಬ್ದದ ವೇಗ ಎಷ್ಟೆಂಬ ಪ್ರಶ್ನೆ ಹಾಕಿದರೆ, ಪುಸ್ತಕದಲ್ಲಿ ಸುಲಭವಾಗಿ ಸಿಗುವುದನ್ನು ತಲೆಯಲ್ಲಿ ಹೊತ್ತು ತಿರುಗುವುದಿಲ್ಲ ಎಂದುಬಿಟ್ಟರು. ಎಡಿಸನ್ ಲೆಕ್ಕದಲ್ಲಿ ಐನ್‌ಸ್ಟೈನ್ ಕೂಡ ಫೇಲು. ಪಟ್ಟಿ ಬರೆಯುವವರು ಕಂಡಿದ್ದರೆ "ಗೊತ್ತಿಲ್ಲ ಎಂದು ಇಷ್ಟು ಒರಟಾಗಿ ಹೇಳಬೇಡಿ" ಎಂದು ಅವರಿಗೂ ಬುದ್ಧಿ ಹೇಳುತ್ತಿದ್ದರು.

ಆಮೇಲೆ ಬಂತು ಒಗಟಿನ ಯುಗ. ಶಾಲೆಯ ಬಸ್ಸಿನಲ್ಲಿ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತದೆ, ಮ್ಯಾನ್‌ಹೋಲ್ ಮುಚ್ಚಳ ಏಕೆ ದುಂಡಗಿದೆ. ಇದಕ್ಕೆ ಹೆಸರಾಗಿದ್ದ ಗೂಗಲ್‌ನಲ್ಲೇ ನೇಮಕಾತಿಯ ಹೊಣೆ ಹೊತ್ತಿದ್ದ ಲಾಸ್ಲೊ ಬಾಕ್ 2013ರಲ್ಲಿ ಈ ಒಗಟುಗಳು ಶುದ್ಧ ಕಾಲಹರಣ, ಇವುಗಳಿಂದ ಏನೂ ತಿಳಿಯುವುದಿಲ್ಲ, ಕೇಳುವವರಿಗೆ ತಾವು ಜಾಣರು ಅನ್ನಿಸುತ್ತದೆ ಅಷ್ಟೆ ಎಂಬರ್ಥದಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ಅದನ್ನು ನೋಡಿ ಕಲಿತ ಸಣ್ಣಪುಟ್ಟ ಕಂಪನಿಗಳೆಲ್ಲ ಗಾಲ್ಫ್ ಚೆಂಡು ಎಣಿಸತೊಡಗಿದ್ದವು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2013ರಲ್ಲೇ ಪ್ರಕಟವಾದ ಡಾನಾ, ಡಾಸ್ ಮತ್ತು ಪೀಟರ್ಸನ್ ಎಂಬ ಸಂಶೋಧಕರ ಪ್ರಯೋಗ. ವಿದ್ಯಾರ್ಥಿಗಳು ಬೇರೆ ವಿದ್ಯಾರ್ಥಿಗಳನ್ನು ಸಂದರ್ಶಿಸಿ, ಅವರಿಗೆ ಎಷ್ಟು ಅಂಕ ಬರುತ್ತದೆ ಎಂದು ಊಹಿಸಬೇಕು. ಕೆಲವು ಸಂದರ್ಶನಗಳಲ್ಲಿ ಒಂದು ಕಿತಾಪತಿ: ಎದುರಿಗಿದ್ದವರು ನಿಜ ಹೇಳುವುದನ್ನು ಬಿಟ್ಟು, ಪ್ರಶ್ನೆಯ ಕೊನೆಯ ಪದಗಳ ಅಕ್ಷರ ನೋಡಿ ಹೌದು ಅಥವಾ ಅಲ್ಲ ಎನ್ನುತ್ತಿದ್ದರು. ಅರ್ಥಕ್ಕೂ ಉತ್ತರಕ್ಕೂ ಸಂಬಂಧವೇ ಇಲ್ಲ. ಒಬ್ಬೇ ಒಬ್ಬ ಸಂದರ್ಶಕನಿಗೂ ಅನುಮಾನ ಬರಲಿಲ್ಲ. ಅಷ್ಟೇ ಅಲ್ಲ, "ಈ ವ್ಯಕ್ತಿ ನನಗೆ ಚೆನ್ನಾಗಿ ಅರ್ಥವಾದ" ಎಂಬ ಭಾವನೆ ಬಾಯಿಗೆ ಬಂದದ್ದು ಕೇಳಿಸಿಕೊಂಡವರಲ್ಲೇ ತುಸು ಹೆಚ್ಚಿತ್ತು. ಸಂದರ್ಶನದ ಗೋಜಿಗೇ ಹೋಗದೆ ಬರೀ ಹಿಂದಿನ ಅಂಕ ನೋಡಿ ಊಹಿಸಿದ್ದರೆ ಇವರೆಲ್ಲರಿಗಿಂತ ಹೆಚ್ಚು ಸರಿಯಾಗುತ್ತಿತ್ತು.

ಇನ್ನೊಂದು ಹ್ಯೂಸ್ಟನ್ನಿನದು. 1979ರಲ್ಲಿ ಅಲ್ಲಿನ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 800 ಜನರನ್ನು ಸಂದರ್ಶಿಸಿ ಶ್ರೇಣಿ ಕೊಟ್ಟು, ಮೇಲಿನವರನ್ನು ಆರಿಸಿಕೊಂಡಿತ್ತು. ಎಲ್ಲ ಮುಗಿದ ಮೇಲೆ ಇನ್ನೂ 50 ಜನರನ್ನು ತಗೊಳ್ಳಿ ಎಂದು ಶಾಸಕಾಂಗ ಹೇಳಿತು. ಆ ಹೊತ್ತಿಗೆ ಉಳಿದಿದ್ದವರು ಪಟ್ಟಿಯ ತಳದಲ್ಲಿದ್ದವರು, 700ರಿಂದ 800ನೆಯ ಸ್ಥಾನದವರು. ಅವರನ್ನೇ ತಗೊಂಡರು. ಓದಿನಲ್ಲಾಗಲಿ, ರೋಗಿಗಳ ಜೊತೆಗಿನ ಕೆಲಸದಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಸಂದರ್ಶಕರು ಅಷ್ಟು ಜನರ ಮುಖ ನೋಡಿದ್ದು ವ್ಯಾಯಾಮವಾಯಿತು.

ಹಾಗೆಂದು ಸಂದರ್ಶನ ಪೂರ್ತಿ ದಂಡ ಎಂದು ತೀರ್ಪು ಕೊಟ್ಟು ಎದ್ದು ಹೋಗುವಂತಿಲ್ಲ. ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳು, ಪ್ರತಿ ಉತ್ತರಕ್ಕೂ ಮೊದಲೇ ಬರೆದಿಟ್ಟ ಅಂಕದ ಅಳತೆ, ಇಷ್ಟಿದ್ದರೆ ಅದು ಸಾಕಷ್ಟು ಕೆಲಸ ಮಾಡುತ್ತದೆ. ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ 2022ರಲ್ಲಿ ಸ್ಯಾಕೆಟ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಮಾಡಿದ ಲೆಕ್ಕದಲ್ಲಿ ಇಂಥ ಕಟ್ಟುನಿಟ್ಟಿನ ಸಂದರ್ಶನಕ್ಕೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇರುವ ಹೊಂದಿಕೆ 0.42, ಅವರು ಹೋಲಿಸಿದ ವಿಧಾನಗಳಲ್ಲೇ ಮೇಲಿನದು. ಕಾಲ ಮೇಲೆ ಕಾಲು ಹಾಕಿಕೊಂಡು ಬಾಯಿಗೆ ಬಂದದ್ದು ಕೇಳುವ 'ಹೀಗೇ ಒಂದು ಮಾತುಕತೆ'ಯದು 0.19. ಹೊಂದಿಕೆ ಪೂರ್ತಿಯಾಗಿದ್ದರೆ 1 ಆಗುತ್ತದೆ ಎಂದು ನೆನಪಿಡಿ. ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದಕ್ಕೆ ಬೇಕಿರುವುದು ಒಂದು ಹಾಳೆ, ಒಂದು ಪೆನ್ನು ಮತ್ತು ಒಂದು ಮಧ್ಯಾಹ್ನ. ಆದರೆ ಹಾಗೆ ಮಾಡಿದರೆ "ಮನುಷ್ಯ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ನನಗೆ ಗೊತ್ತಾಗುತ್ತದೆ" ಎನ್ನುವ ಮಹಾನುಭಾವರಿಗೆ ಕೆಲಸ ಇಲ್ಲದಂತಾಗುತ್ತದಲ್ಲ. ಮನುಷ್ಯರು ಸಾಲದೆ ಯಂತ್ರವೂ ಬಂತು. ವೀಡಿಯೊ ಸಂದರ್ಶನದಲ್ಲಿ ಹುಬ್ಬು-ತುಟಿಗಳ ಚಲನೆ ಅಳೆದು ಅಂಕ ಕೊಡುವ ತಂತ್ರವನ್ನು ಕೈಬಿಟ್ಟಿರುವುದಾಗಿ ಹೈರ್‌ವ್ಯೂ ಕಂಪನಿ ಪ್ರಕಟಿಸಿದ್ದು 2021ರಲ್ಲಿ, ಸಾಕಷ್ಟು ಟೀಕೆ ಬಂದ ಮೇಲೆ. ಅಲ್ಲಿಯವರೆಗೆ ಹುಬ್ಬು ತಪ್ಪಿ ಕೆಲಸ ಕಳೆದುಕೊಂಡವರಿಗೆ ಯಾರೂ ಪತ್ರ ಬರೆದಿರಲಾರರು.

ಕಟ್ಟುನಿಟ್ಟಿನ ಸಂದರ್ಶನ ಸಿಕ್ಕರೆ "ಒಮ್ಮೆ ಹೀಗಾಗಿತ್ತು ಎನ್ನುವ ಸಂದರ್ಭ ಹೇಳಿ" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಸ್ಟಾರ್ (ಸಿಚುಯೇಶನ್, ಟಾಸ್ಕ್, ಆ್ಯಕ್ಷನ್, ರಿಸಲ್ಟ್‌ಗಳ ಮೊದಲ ಅಕ್ಷರಗಳು) ಎಂಬ ಹಳೆಯ ಅಚ್ಚಿದೆ: ಸಂದರ್ಭ, ಹೊಣೆ, ಮಾಡಿದ್ದು, ಫಲ. ಸಂದರ್ಭಕ್ಕೆ ಎರಡು ವಾಕ್ಯ, ಹೊಣೆಗೆ ಒಂದು, ಫಲಕ್ಕೆ ಒಂದು ಅಂಕಿ, ಉಳಿದ ಹೊತ್ತೆಲ್ಲ ಮಾಡಿದ್ದಕ್ಕೆ. ಜನ ಎಡವುವುದು ಮೊದಲನೆಯದರಲ್ಲೇ. ಹಳೆಯ ಕಂಪನಿಯ ಇತಿಹಾಸ, ವಿಭಾಗಗಳ ಜಗಳ ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಎರಡನೆಯ ತಪ್ಪು, ವಿನಯದಿಂದ ಎಲ್ಲದಕ್ಕೂ "ನಾವು ಮಾಡಿದೆವು" ಎನ್ನುವುದು. ನಾವು ಎಂದರೆ ಅದರಲ್ಲಿ ನೀವೆಷ್ಟು ಎಂದು ಅಂಕ ಹಾಕುವವರಿಗೆ ತಿಳಿಯುವುದಿಲ್ಲ, ಸೊನ್ನೆ ಹಾಕುತ್ತಾರೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು ಹೇಳಿ, ಹೇಗೆ ತಿಳಿದುಕೊಳ್ಳುತ್ತೀರಿ ಎನ್ನುವುದನ್ನು ಸೇರಿಸಿ. ಬುರುಡೆ ಮೊದಲ ಪ್ರಶ್ನೆಗೆ ನಿಲ್ಲುತ್ತದೆ, ಅದರ ಹಿಂದೆ ಬರುವ "ಅದು ಹೇಗೆ?" ಎಂಬುದಕ್ಕೆ ನಿಲ್ಲುವುದಿಲ್ಲ.

ಸಂಬಳ. ಇದನ್ನು ನೀವಾಗಿ ಎತ್ತಬಾರದಂತೆ, ಅಸಭ್ಯವಂತೆ. ಅವರು ಮಾತ್ರ "ಈಗ ಎಷ್ಟು ಬರುತ್ತಿದೆ? ಎಷ್ಟು ನಿರೀಕ್ಷೆ?" ಎಂದು ಫಾರಂ ತುಂಬಿಸುವಾಗಲೇ ಕೇಳಬಹುದು, ಆಗ ಅದು ಪ್ರಕ್ರಿಯೆ. ಹಳೆಯ ಸಂಬಳ ಕೇಳುವುದನ್ನು ನಿಲ್ಲಿಸಲು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲೇ ಕಾನೂನು ಮಾಡಿತು, ಹಿಂದೆ ಕಡಿಮೆ ಕೊಟ್ಟಿದ್ದು ಮುಂದೆಯೂ ಕಡಿಮೆ ಕೊಡಲು ಆಧಾರವಾಗುತ್ತದೆ ಎಂಬ ಕಾರಣಕ್ಕೆ. ಯುರೋಪಿನ ಒಕ್ಕೂಟ 2023ರ ನಿರ್ದೇಶನದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆರಂಭದ ಸಂಬಳ ಅಥವಾ ಅದರ ಕನಿಷ್ಠ-ಗರಿಷ್ಠ ಮಿತಿಯನ್ನು ಅಭ್ಯರ್ಥಿಗೆ ಕಂಪನಿಯೇ ಮೊದಲು ತಿಳಿಸಬೇಕು ಎಂದಿತು. ಅಂಥ ರಕ್ಷಣೆ ಇಲ್ಲದ ಕಡೆ ಮಾಡಬಹುದಾದದ್ದು ಇಷ್ಟು: "ಈ ಹುದ್ದೆಗೆ ನೀವು ಇಟ್ಟಿರುವ ಮಿತಿ ಎಷ್ಟು?" ಎಂದು ಮೊದಲು ಕೇಳಿ. ಬಿಡದಿದ್ದರೆ ಇಷ್ಟರಿಂದ ಇಷ್ಟರವರೆಗೆ ಎಂದು ಹೇಳಿ, ಆದರೆ ಅದರ ಕೆಳಗಿನ ಅಂಕಿ ನೀವು ಖುಷಿಯಿಂದ ಒಪ್ಪುವಂಥದೇ ಆಗಿರಲಿ, ಏಕೆಂದರೆ ಅವರ ಕಿವಿಗೆ ಬೀಳುವುದು ಅದೊಂದೇ. ಹೇಳಿದ ಮೇಲೆ "ಆದರೂ ಹೊಂದಿಕೊಳ್ಳಬಹುದು" ಎಂದು ಸೇರಿಸಬೇಡಿ. ಎದುರಿಗಿನವರು ಇನ್ನೂ ಬಾಯಿಯೇ ತೆರೆದಿರುವುದಿಲ್ಲ, ನೀವಾಗಲೇ ಇಳಿದಿರುತ್ತೀರಿ.

ಇಷ್ಟು ಎಚ್ಚರಿಕೆಯ ಪಟ್ಟಿ ಅಭ್ಯರ್ಥಿಗೆ. ಮೇಜಿನ ಆಚೆ ಕೂತವರಿಗೆ ಒಂದು ಸಾಲಿನದೂ ಇಲ್ಲ. ಸಂದರ್ಶನಕ್ಕೆ ನಲವತ್ತು ನಿಮಿಷ ತಡವಾಗಿ ಬರಬಾರದು, ಉತ್ತರ ಹೇಳುತ್ತಿರುವಾಗ ಲ್ಯಾಪ್‌ಟಾಪ್‌ನಲ್ಲಿ ಬೇರೆ ಮೇಲ್ ಟೈಪ್ ಮಾಡಬಾರದು, 'ಸಣ್ಣ ಅಸೈನ್‌ಮೆಂಟ್' ಎಂದು ಒಂದು ವಾರದ ಕೆಲಸ ಪುಕ್ಕಟೆ ಮಾಡಿಸಿಕೊಳ್ಳಬಾರದು ಎಂದು ಯಾರೂ ಬರೆಯುವುದಿಲ್ಲ. ಆರು ಸುತ್ತು ನಡೆಸುತ್ತಾರೆ, ಆರನೆಯ ಸುತ್ತಿನಲ್ಲಿ ಕೂತವರು ಮತ್ತೆ "ನಿಮ್ಮ ಬಗ್ಗೆ ಹೇಳಿ" ಎನ್ನುತ್ತಾರೆ. ಒಂದೊಂದು ಸುತ್ತಿಗೂ ಈಗಿನ ಕೆಲಸದಲ್ಲಿ ಜ್ವರ, ಹಲ್ಲುನೋವು ಎಂದು ರಜೆ ಹಾಕಿ ಬಂದವರಿಗೆ ಕೊನೆಗೆ ಒಂದು 'ಇಲ್ಲ' ಎನ್ನುವ ಸೌಜನ್ಯವೂ ಇಲ್ಲ. ಬೇಡ ಎನ್ನಲು ಒಂದು ಸಾಲು ಸಾಕು. ಅದನ್ನು ಕಳಿಸಲು ಸಾಫ್ಟ್‌ವೇರ್‌ನಲ್ಲಿ ಬಟನ್ ಕೂಡ ಇದೆ, ಒತ್ತುವುದಿಲ್ಲ. ಕೆಲಸವಿಲ್ಲದೆ ಕೂತ ಮನುಷ್ಯ ದಿನಕ್ಕೆ ಹತ್ತು ಸಲ ಇನ್‌ಬಾಕ್ಸ್ ತೆರೆದು ನೋಡುತ್ತಿರುತ್ತಾನೆ ಎನ್ನುವುದು ಇವರಿಗೆ ಗೊತ್ತಿಲ್ಲವೇ? ಗೊತ್ತಿದೆ. ಅವರೂ ಒಂದು ದಿನ ಹಾಗೆ ಕೂತವರೇ. ಇದಕ್ಕೆ ನಗುವುದು ಕಷ್ಟ.

ಕೊನೆಗೆ "ನಿಮ್ಮಿಂದ ಏನಾದರೂ ಪ್ರಶ್ನೆ?" ಎನ್ನುತ್ತಾರೆ. ಇಲ್ಲ ಎನ್ನಬೇಡಿ, ಕಂಪನಿ ಏನು ಮಾಡುತ್ತದೆ ಎಂದೂ ಕೇಳಬೇಡಿ. ಈ ಹುದ್ದೆ ಹೊಸದೋ, ಯಾರಾದರೂ ಬಿಟ್ಟು ಖಾಲಿಯಾದದ್ದೋ? ಬಿಟ್ಟಿದ್ದರೆ ಏಕೆ? ಮೊದಲ ಮೂರು ತಿಂಗಳಲ್ಲಿ ಯಾವ ಕೆಲಸ ಮುಗಿದಿರಬೇಕು? ತಂಡದಲ್ಲಿ ಈಗ ಎಷ್ಟು ಜನ, ಕಳೆದ ವರ್ಷ ಎಷ್ಟಿದ್ದರು? ಕೊನೆಯ ಪ್ರಶ್ನೆಗೆ ಪ್ಯಾನೆಲ್‌ನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಉತ್ತರ ಸಿಕ್ಕಿತು ಎಂದುಕೊಳ್ಳಿ. ರಜೆಯ ಪ್ರಶ್ನೆಯನ್ನು ಆಫರ್ ಬರುವವರೆಗೆ ಜೇಬಿನಲ್ಲಿಟ್ಟುಕೊಂಡಿರಿ, ಆಗ ಅದೇ ಪ್ರಶ್ನೆ ಸಭ್ಯವಾಗಿಬಿಡುತ್ತದೆ. ಏಳುವ ಮುಂಚೆ ಫಲಿತಾಂಶ ಯಾವ ದಿನದೊಳಗೆ ತಿಳಿಯುತ್ತದೆ, ಯಾರಿಗೆ ಮೇಲ್ ಮಾಡಬೇಕು ಎಂದು ಕೇಳಿ ಬರೆದುಕೊಳ್ಳಿ. ಆ ದಿನ ಕಳೆದು ಎರಡು ಕೆಲಸದ ದಿನಗಳಾದ ಮೇಲೆ ನಾಲ್ಕು ಸಾಲಿನ ಒಂದು ಮೇಲ್: ಹುದ್ದೆಯ ಹೆಸರು, ಸಂದರ್ಶನದ ದಿನಾಂಕ, ಆಸಕ್ತಿ ಇನ್ನೂ ಇದೆ, ಯಾವಾಗ ತಿಳಿಯಬಹುದು. ವಾರ ಬಿಟ್ಟು ಇನ್ನೊಂದು. ಮೂರನೆಯದು ಬೇಡ, ಅಷ್ಟರಲ್ಲಿ ಬೇರೆ ಎರಡು ಕಡೆ ಅರ್ಜಿ ಹಾಕಬಹುದು.